ಫಾರಂನ ಒಂದು ಕಾಲಂ: ಪೊಲೀಸ್ ಕೆಲಸಕ್ಕೆ ಹೊರಟ ಪೆರ್ಲದ ಕಡೆಯ ಹುಡುಗನ ಪ್ರಕರಣ

ಲಿಖಿತ ಪರೀಕ್ಷೆ ಬರೆದಾಗಿದೆ, ಓಟ ಜಿಗಿತ ಮುಗಿದಿದೆ, ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದಿದೆ, ಕೇರಳದ ಲೋಕಸೇವಾ ಆಯೋಗದ, ಅಂದರೆ ಪಿಎಸ್‌ಸಿಯ, ಅಡ್ವೈಸ್ ಮೆಮೊ (ನೇಮಕಕ್ಕೆ ಮಾಡುವ ಶಿಫಾರಸಿನ ಪತ್ರ) ಕೂಡ ಮನೆಗೆ ತಲುಪಿದೆ. ಇಷ್ಟಾದ ಮೇಲೂ ಪೊಲೀಸ್ ಕೆಲಸ ಕೈತಪ್ಪುವುದುಂಟು. ಅಡ್ವೈಸ್ ಬಂತೆಂದರೆ ಕೆಲಸ ಸಿಕ್ಕಿತೆಂದು ನಮ್ಮ ಊರಿನವರು ಪಾಯಸ ಮಾಡುತ್ತಾರೆ. ಆದರೆ ಅಡ್ವೈಸಿಗೂ ನೇಮಕಾತಿ ಆದೇಶಕ್ಕೂ ನಡುವೆ ವೆರಿಫಿಕೇಶನ್, ಅಂದರೆ ಅಭ್ಯರ್ಥಿಯ ಹಿನ್ನೆಲೆ ಪರಿಶೀಲನೆ, ಎನ್ನುವ ಒಂದು ಹಂತವಿದೆ. ಅದರಲ್ಲೇ ಸಿಕ್ಕಿಬಿದ್ದು ಹೊರಬಂದ ಹುಡುಗನ ಕತೆ ಇದು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಕನ್ನಡ ಶಾಲೆಯ ನಿವೃತ್ತ ಮಾಷ್ಟ್ರು. ಸಂಜೆ ಹೊತ್ತು ಊರಿನ ವಾಚನಾಲಯದಲ್ಲಿ ಪಿಎಸ್‌ಸಿಗೆ ಓದುವ ಮಕ್ಕಳ ಜೊತೆ ಕೂರುತ್ತೇನೆ. ಕೋಚಿಂಗ್ ಅನ್ನುವಷ್ಟು ದೊಡ್ಡದಲ್ಲ. ಅರ್ಜಿ ತುಂಬಿಸುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ವಿಲೇಜ್ ಆಫೀಸಿಗೆ ಯಾವ ಕಾಗದ ಬೇಕೆಂದು ಹೇಳುವುದು, ಅಷ್ಟೆ.

ಹುಡುಗನ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ. ಸಾರಡ್ಕ ದಾಟಿದರೆ ಕರ್ನಾಟಕ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲೂ ಪೇಟೆಯಲ್ಲೂ ಮಲಯಾಳಂ. ಮಲಯಾಳಂ ಮಾತಾಡಿದರೆ ಕಣ್ಣೂರಿನವನೇ ಅನ್ನಬೇಕು, ಆದರೆ ಬರೆಯಲು ಬಾರದು. ಅಪ್ಪ ಅಡಿಕೆ ಕೊಯ್ಲಿನ ಕೆಲಸದವರು. ರಜೆಯಲ್ಲಿ ಮಗನೂ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತುತ್ತಿದ್ದ. ಪ್ಲಸ್ ಟು ಕನ್ನಡ ಮಾಧ್ಯಮದಲ್ಲಿ ಓದಿ, ಡಿಗ್ರಿಗೆ ಕಾಸರಗೋಡಿಗೆ ಹೋದ. ಆ ಡಿಗ್ರಿಯ ದಿನಗಳಲ್ಲೇ ಈ ಪ್ರಕರಣದ ಬೀಜ ಬಿದ್ದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಯಾವ ರಾಜ್ಯದ ಪೊಲೀಸ್?

ಗಡಿಯಲ್ಲಿರುವ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಇದು. ಅವನ ಸೋದರಮಾವ ವಿಟ್ಲದ ಕಡೆಯವರು. ಕರ್ನಾಟಕಕ್ಕೇ ಹಾಕು, ಪರೀಕ್ಷೆ ಕನ್ನಡದಲ್ಲೇ ಇರುತ್ತದೆ ಎಂಬುದು ಅವರ ವಾದ. ದೇಹದ ಅಳತೆಯಲ್ಲಿ ಎರಡು ಕಡೆಗೂ ಹೆಚ್ಚು ವ್ಯತ್ಯಾಸವಿಲ್ಲ. ಗಂಡಸರಿಗೆ ಎತ್ತರ ಎರಡೂ ಕಡೆ 168 ಸೆಂ.ಮೀ. ಎದೆ ಸುತ್ತಳತೆ ಕರ್ನಾಟಕದಲ್ಲಿ 86, ಕೇರಳದಲ್ಲಿ 81 ಎಂದು ಓದಿದ ಹುಡುಗರು ಕೇರಳದ್ದು ಸುಲಭ ಅಂದುಕೊಳ್ಳುತ್ತಾರೆ. ಕರ್ನಾಟಕದ 86 ಉಸಿರು ತುಂಬಿಕೊಂಡಾಗಿನ ಅಳತೆ, ಕೇರಳದ 81 ಉಸಿರು ಬಿಟ್ಟಾಗಿನದು. ಅದರ ಮೇಲೆ 5 ಸೆಂ.ಮೀ. ಹಿಗ್ಗಬೇಕು. ಕೂಡಿಸಿ ನೋಡಿದರೆ ಎರಡೂ ಒಂದೇ.

ವ್ಯತ್ಯಾಸ ಇರುವುದು ಮೀಸಲಾತಿಯಲ್ಲಿ. ಹುಡುಗ ಬಿಲ್ಲವ. ಕೇರಳದಲ್ಲಿ ಈಳವ, ತೀಯ, ಬಿಲ್ಲವ ಒಂದೇ ಗುಂಪು, ಇಂಥ ಹುದ್ದೆಗಳಲ್ಲಿ ಆ ಗುಂಪಿಗೆ ಶೇಕಡಾ 14. ವಯಸ್ಸಿನ ಮಿತಿ ಸಾಮಾನ್ಯರಿಗೆ 26, ಒಬಿಸಿಗೆ 29. ಇಲ್ಲಿನ ಜಾತಿ ಸರ್ಟಿಫಿಕೇಟು ಸಾರಡ್ಕದ ಆಚೆ ನಡೆಯುವುದಿಲ್ಲ, ಅಲ್ಲಿ ಅವನು ಸಾಮಾನ್ಯ ವರ್ಗದ ಅಭ್ಯರ್ಥಿ. ವಯಸ್ಸೂ ಆಗಲೇ 24 ದಾಟಿತ್ತು. ಹಾಗಾಗಿ ಕೇರಳ ಎಂದು ತೀರ್ಮಾನವಾಯಿತು.

ಅರ್ಜಿ ಹಾಕುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿಎಸ್‌ಸಿಯ 'ತುಳಸಿ' ಪ್ರೊಫೈಲಿನಲ್ಲಿ ಒಮ್ಮೆ ನೋಂದಣಿ ಮಾಡಿದರೆ ಮುಂದೆ ಎಲ್ಲ ಅರ್ಜಿಯೂ ಅದರಿಂದಲೇ. ಶುಲ್ಕವಿಲ್ಲ. ಹೆಸರು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇದ್ದಂತೆಯೇ ಇರಬೇಕು, ಫೋಟೊದ ಕೆಳಗೆ ಹೆಸರೂ ತೆಗೆದ ದಿನಾಂಕವೂ ಇರಬೇಕು. ನಮ್ಮ ಮಕ್ಕಳು ಎಡವುವುದು ಕನ್‌ಫರ್ಮೇಶನ್‌ನಲ್ಲಿ. ಅರ್ಜಿ ಹಾಕಿದರೆ ಮುಗಿಯಲಿಲ್ಲ, ಪರೀಕ್ಷೆಗೆ ಬರುತ್ತೇನೆಂದು ಕೊಟ್ಟ ಗಡುವಿನೊಳಗೆ ಪ್ರೊಫೈಲಿಗೆ ಹೋಗಿ ಖಚಿತಪಡಿಸಬೇಕು. ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಪ್ರಶ್ನೆಪತ್ರಿಕೆ ಮಲಯಾಳಂನಲ್ಲಿ ಬೇಕೋ ಕನ್ನಡದಲ್ಲೋ ತಮಿಳಿನಲ್ಲೋ ಎಂಬ ಆಯ್ಕೆಯೂ ಇದೆ. ಅವಸರದಲ್ಲಿ ಅದನ್ನು ನೋಡದೆ ಒತ್ತಿ, ಪರೀಕ್ಷೆಯ ದಿನ ಮಲಯಾಳಂ ಪತ್ರಿಕೆ ಹಿಡಿದು ಕೂತವರನ್ನು ಬಲ್ಲೆ.

ಕಾಸರಗೋಡು ಸೇರುವುದು ಕೆಎಪಿ (ಕೇರಳ ಸಶಸ್ತ್ರ ಪೊಲೀಸ್) 4ನೇ ಬೆಟಾಲಿಯನ್ನಿಗೆ. ಅದರ ಕೇಂದ್ರ ಕಣ್ಣೂರಿನ ಮಾಙಾಟ್ಟುಪರಂಬದಲ್ಲಿ. ಈ ಬೆಟಾಲಿಯನ್ನಿನ ಹೆಸರು 2019ರಲ್ಲಿ ರಾಜ್ಯವೆಲ್ಲ ಸುದ್ದಿಯಾಗಿತ್ತು. ತಿರುವನಂತಪುರದ ಕಾಲೇಜೊಂದರ ಚೂರಿ ಇರಿತ ಪ್ರಕರಣದ ಆರೋಪಿಗಳು ಇದೇ ಪಟ್ಟಿಯಲ್ಲಿ ಒಂದನೇ, ಎರಡನೇ ಮತ್ತು ಇಪ್ಪತ್ತೆಂಟನೇ ರ‍್ಯಾಂಕಿನಲ್ಲಿದ್ದರು. ಪರೀಕ್ಷೆ ನಡೆಯುತ್ತಿರುವಾಗಲೇ ಉತ್ತರಗಳು ಎಸ್‌ಎಂಎಸ್ ಆಗಿ ಬಂದಿದ್ದವು ಎಂಬುದು ತನಿಖೆಯಲ್ಲಿ ಹೊರಬಿತ್ತು. ಈಗ ಕೈಗಡಿಯಾರವನ್ನೂ ಒಳಗೆ ಬಿಡದಿರುವುದರ ಹಿಂದೆ ಆ ಕತೆಯಿದೆ. ನ್ಯಾಯವಾಗಿ ಓದಿದ ನಮ್ಮ ಕಡೆಯ ಎಷ್ಟೋ ಮಕ್ಕಳು ಆ ವರ್ಷ ನೇಮಕಾತಿ ತಡವಾಗಿ ತೊಂದರೆಪಟ್ಟರು. ಈ ಪಟ್ಟಿಯ ಆಯುಸ್ಸೇ ಒಂದು ವರ್ಷ ಎಂಬುದನ್ನು ನೆನಪಿಡಬೇಕು.

ಹಗ್ಗ

ನೂರು ಅಂಕದ ಒಎಂಆರ್ ಪರೀಕ್ಷೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಖೋತ. ಅದರಲ್ಲಿ ಹುಡುಗ ದಾಟಿದ. ಕಾನೂನಿನ ಪ್ರಶ್ನೆಗಳಿಗೆ ಅವನು ಓದಿದ್ದು ಐಪಿಸಿ, ಸಿಆರ್‌ಪಿಸಿ. 2024ರ ಜುಲೈ 1ರಿಂದ ಅವುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಹಳೆಯ ರ‍್ಯಾಂಕ್ ಫೈಲ್ (ಪರೀಕ್ಷೆಯ ಗೈಡ್ ಪುಸ್ತಕ) ಅಣ್ಣನಿಂದ ತಮ್ಮನಿಗೆ ಹೋಗುವ ನಮ್ಮ ಪದ್ಧತಿ ಈ ಒಂದು ಭಾಗಕ್ಕಂತೂ ನಡೆಯದು.

ದೈಹಿಕ ಪರೀಕ್ಷೆಯ ಹೊತ್ತಿಗೆ ನಡೆದ ಒಂದು ವಿಷಯ ಹೇಳಲೇಬೇಕು. ಒಟ್ಟು ಎಂಟು ಐಟಂ, ಐದರಲ್ಲಿ ಪಾಸಾದರೆ ಸಾಕು. 100 ಮೀಟರ್ ಓಟ 14 ಸೆಕೆಂಡಿನಲ್ಲಿ, 1500 ಮೀಟರ್ 5 ನಿಮಿಷ 44 ಸೆಕೆಂಡಿನಲ್ಲಿ, ಎತ್ತರ ಜಿಗಿತ 132.20 ಸೆಂ.ಮೀ., ಉದ್ದ ಜಿಗಿತ 457.20, ಗುಂಡೆಸೆತ 609.60, ಕ್ರಿಕೆಟ್ ಚೆಂಡೆಸೆತ 6096, ಪುಲ್ ಅಪ್ ಎಂಟು ಸಲ, ಹಗ್ಗ ಹತ್ತುವುದು 365.80 ಸೆಂ.ಮೀ. ಇಲ್ಲಿ ಸಿಗುವ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಪಾಸಾದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಅವನು ಮೊದಲ ದಿನವೇ ಹಗ್ಗಕ್ಕೆ ಟಿಕ್ ಹಾಕಿದ್ದ. ಅಡಿಕೆ ಮರ ಹತ್ತುವವನಿಗೆ ಹನ್ನೆರಡು ಅಡಿ ಹಗ್ಗ ಯಾವ ಲೆಕ್ಕ? ಅಪ್ಪನೂ ನಕ್ಕರಂತೆ. ಮನೆ ಹಿಂದಿನ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಹತ್ತಲು ನೋಡಿದಾಗ ಅರ್ಧದಲ್ಲಿ ನಿಂತ. ನಿಯಮ ಓದಿ ನೋಡಿದರೆ, ಕೈಯಿಂದ ಮಾತ್ರ ಹತ್ತಬೇಕು, ಕಾಲು ಹಗ್ಗಕ್ಕೆ ಕೊಡುವಂತಿಲ್ಲ. ಅಡಿಕೆ ಮರದಲ್ಲಿ ಮೈಯ ಭಾರವನ್ನೆಲ್ಲ ಹೊರುವುದು ತಳೆಯೊಳಗಿನ ಪಾದ. ಕೈ ಮರವನ್ನು ತಬ್ಬಿ ಹಿಡಿದಿರುತ್ತದೆ, ಅಷ್ಟೆ. ಕಾಲು ತೆಗೆದರೆ ಆ ಕೌಶಲದಲ್ಲಿ ಉಳಿಯುವುದು ಸ್ವಲ್ಪವೇ. ಹಗ್ಗ ಬಿಟ್ಟು 1500 ಮೀಟರಿಗೆ ಹೋದ. ಬೆಳಿಗ್ಗೆ ಗುಡ್ಡದ ಶಾಲಾ ಮೈದಾನದಲ್ಲಿ ಸುತ್ತು ಹಾಕಿ ಹಾಕಿ, ಸಮಯ ಆರು ನಿಮಿಷದಿಂದ ಕೆಳಗೆ ಬಂತು. ಕ್ರಿಕೆಟ್ ಚೆಂಡನ್ನು 61 ಮೀಟರ್ ಎಸೆಯುವುದು ಕೇಳುವಷ್ಟು ಸುಲಭವಲ್ಲ. ಅದಕ್ಕೆ ಭುಜಕ್ಕಿಂತ ಓಡಿ ಬಂದು ಬಿಡುವ ಸಮಯ ಮುಖ್ಯ ಎಂದು ಅವನಿಗೆ ಕಲಿಸಿದ್ದು ಊರಿನ ಕ್ಲಬ್ಬಿನ ಒಬ್ಬ ಬೌಲರ್. ಪರೀಕ್ಷೆಯ ದಿನ ಐದು ಐಟಂ ದಾಟಿ, ಆರನೆಯದಕ್ಕೆ ನಿಲ್ಲಲೂ ಇಲ್ಲ.

ಪಟ್ಟಿ ಬಂತು. ನಡುವಿನ ಕೆಳಗಿನ ಭಾಗದಲ್ಲಿ ಹೆಸರು. ಜನರಲ್ ಸರದಿಯಲ್ಲಾದರೆ ಪಟ್ಟಿಯ ಅವಧಿ ಮುಗಿಯುವುದರೊಳಗೆ ಅವನ ತನಕ ಬರುವುದು ಅನುಮಾನವೇ ಇತ್ತು. ಮೀಸಲು ಸರದಿಯಲ್ಲಿ ಬಂತು. ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಮೊದಲೇ ಮಾಡಿಸಿ ಇಟ್ಟಿದ್ದೆವು. ಅಡ್ವೈಸ್ ಮೆಮೊ ಬಂದ ದಿನ ಮನೆಯಲ್ಲಿ ಪಾಯಸ.

ಕಾಲಂ

ವೆರಿಫಿಕೇಶನ್ ಫಾರಂ ಹಿಡಿದು ಅವನು ವಾಚನಾಲಯಕ್ಕೆ ಬಂದಾಗ ಮುಖದಲ್ಲಿ ಆ ಪಾಯಸದ ಸುಳಿವೇ ಇರಲಿಲ್ಲ. ಕ್ರಿಮಿನಲ್ ಕೇಸು ಇತ್ತೇ, ಶಿಕ್ಷೆ ಆಗಿದೆಯೇ ಎಂದು ಕೇಳುವ ಕಾಲಂ ಮೇಲೆ ಬೆರಳಿಟ್ಟ.

“ಇದರಲ್ಲಿ ಎಂತ ಬರೆಯುದು ಮಾಷ್ಟ್ರೇ?”

“ಕೇಸು ಉಂಟಾ ನಿನ್ನ ಮೇಲೆ?”

“ಇತ್ತು. ಮುಗಿದಿದೆ. ಫೈನ್ ಕಟ್ಟಿದ್ದೇನೆ.”

ಡಿಗ್ರಿ ಎರಡನೇ ವರ್ಷದಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯೊಂದರಲ್ಲಿ ರಸ್ತೆ ತಡೆ ನಡೆದಿತ್ತು. ಹತ್ತು ಹದಿನೈದು ನಿಮಿಷ ಬಸ್ಸುಗಳು ನಿಂತವು. ಮುಂದಿದ್ದವರ ಹೆಸರು ಬರೆದುಕೊಂಡು ಪೊಲೀಸರು ಐಪಿಸಿ 143, 283ರ ಕೆಳಗೆ ಕೇಸು ಹಾಕಿದರು. ಮೊದಲನೆಯದು ಅಕ್ರಮ ಕೂಟ, ಆರು ತಿಂಗಳ ತನಕ ಸಜೆಯಾಗಬಹುದಾದದ್ದು. ಎರಡನೆಯದು ಸಾರ್ವಜನಿಕ ದಾರಿಗೆ ಅಡ್ಡಿ, ಅದಕ್ಕೆ 200 ರೂಪಾಯಿ ತನಕ ದಂಡ ಮಾತ್ರ. ಸಮನ್ಸ್ ಬಂತು. ಕೋರ್ಟಿನ ವರಾಂಡದಲ್ಲಿ ಒಬ್ಬರು ಗುಮಾಸ್ತರು, “ಒಪ್ಪಿಕೊಂಡು ಫೈನ್ ಕಟ್ಟಿದರೆ ಇವತ್ತೇ ಮುಗಿಯುತ್ತದೆ, ಇಲ್ಲದಿದ್ದರೆ ವರ್ಷಗಟ್ಟಲೆ ಅಲೆಯಬೇಕು” ಅಂದರು. ಹುಡುಗರೆಲ್ಲ ಒಪ್ಪಿಕೊಂಡು, ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದರು. ಹೆಲ್ಮೆಟ್ ಹಾಕದ್ದಕ್ಕೆ ಕಟ್ಟುವ ಫೈನಿನ ಹಾಗೆ ಎಂದೇ ಅವನು ತಿಳಿದಿದ್ದ.

ಹಾಗಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧ ಸಾಬೀತಾದ ತೀರ್ಪು. ನಮ್ಮ ಜಿಲ್ಲೆಯಲ್ಲಿ ಮೆರವಣಿಗೆ, ಬಂದ್, ರಸ್ತೆ ತಡೆ ಅಂತ ಹೆಸರು ಬರೆಸಿಕೊಂಡ ಹುಡುಗರು ಎಲ್ಲ ಪಕ್ಷದಲ್ಲೂ ಇದ್ದಾರೆ. ಅವರಿಗೆ ಈ ಮಾತನ್ನು ಅಂದು ಆ ವರಾಂಡದಲ್ಲೇ ಯಾರಾದರೂ ಹೇಳಬೇಕಿತ್ತು. ಇನ್ನೊಂದು ದಾರಿಯೂ ಇತ್ತು. ಮೊದಲ ಬಾರಿ ತಪ್ಪು ಮಾಡಿದವರಿಗೆ, ಎರಡು ವರ್ಷಕ್ಕಿಂತ ಹೆಚ್ಚು ಸಜೆಯಿಲ್ಲದ ಐಪಿಸಿ ಅಪರಾಧಗಳಲ್ಲಿ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3ನೇ ಸೆಕ್ಷನ್ನಿನ ಕೆಳಗೆ ದಂಡದ ಬದಲು ಎಚ್ಚರಿಕೆ ಕೊಟ್ಟು ಬಿಡಲು ಕೋರ್ಟಿಗೆ ಅಧಿಕಾರವಿದೆ. ಹಾಗೆ ಬಿಟ್ಟರೆ, ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ಅವರಿಗೆ ತಗಲುವುದಿಲ್ಲ. ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ಈಗ ಇದ್ದ ಪ್ರಶ್ನೆ ಒಂದೇ, ಬರೆಯಬೇಕೋ ಬೇಡವೋ. ಮನೆಯಲ್ಲಿ ದೊಡ್ಡ ಚರ್ಚೆ. ಸೋದರಮಾವ ಬರೆಯಬೇಡ ಅಂದರು: ಚಿಲ್ಲರೆ ಕೇಸು, ಯಾರು ಹುಡುಕುತ್ತಾರೆ. ಅಮ್ಮನಿಗೆ ಮಗ ಕೈಯಾರೆ ತನ್ನ ಮೇಲಿನ ಕೇಸನ್ನು ಬರೆದುಕೊಡುವುದೇ ನುಂಗಲಾರದ ತುತ್ತು. ಅಪ್ಪ ಮಾತಾಡದೆ ಕೂತಿದ್ದರು.

ಹುಡುಕುವವರು ಯಾರು ಎಂಬುದಕ್ಕೆ ಉತ್ತರ ಸುಲಭ. ವೆರಿಫಿಕೇಶನ್ ಮಾಡುವುದು ಪೊಲೀಸರೇ, ಕೇಸು ದಾಖಲಿಸಿದ್ದೂ ಪೊಲೀಸರೇ. ಠಾಣೆಗಳ ದಾಖಲೆ ಈಗ ಸಿಸಿಟಿಎನ್ಎಸ್ ಎಂಬ ಜಾಲದಲ್ಲಿದೆ. ಮುಚ್ಚಿಟ್ಟದ್ದು ಸಿಕ್ಕಿಬೀಳುತ್ತದೆ ಎಂದೇ ಲೆಕ್ಕ ಹಾಕಬೇಕು. ಆದರೆ ಭಯದಿಂದ ಬರೆ ಎಂದು ಹೇಳುವುದಕ್ಕಿಂತ, ಬರೆದರೆ ಏನಾಗುತ್ತದೆ, ಬರೆಯದಿದ್ದರೆ ಏನಾಗುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದನ್ನೇ ಅವರ ಮುಂದಿಡುವುದು ವಾಸಿ ಅನ್ನಿಸಿತು.

ಈ ವಿಷಯದಲ್ಲಿ ಕೋರ್ಟಿನ ದನಿ ಒಂದೇ ಆಗಿರಲಿಲ್ಲ. 2011ರಲ್ಲಿ ದೆಹಲಿ ಪೊಲೀಸ್ ಕಮಿಷನರ್ ವಿರುದ್ಧ ಸಂದೀಪ್ ಕುಮಾರ್ ಪ್ರಕರಣದಲ್ಲಿ, ಹಳೆಯ ಹೊಡೆದಾಟದ ಕೇಸನ್ನು ಅರ್ಜಿಯಲ್ಲಿ ಹೇಳದ ಯುವಕನ ಪರ ತೀರ್ಪು ಬಂತು. ಹರೆಯದ ತಪ್ಪನ್ನು ಜೀವನವಿಡೀ ಹೊರಿಸಬಾರದೆಂಬ ಉದಾರ ನಿಲುವು. ಎರಡೇ ವರ್ಷದಲ್ಲಿ, 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ, ಖುಲಾಸೆಯಾದವನನ್ನೂ ಪೊಲೀಸ್ ಇಲಾಖೆ ಬೇಡವೆನ್ನಬಹುದು, ಈ ಕೆಲಸಕ್ಕೆ ನಡತೆಯ ಅಳತೆಗೋಲು ಬೇರೆಯೇ ಎಂದಿತು. ಈ ಗೊಂದಲ ಬಗೆಹರಿಸಿದ್ದು 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಅವತಾರ್ ಸಿಂಗ್ ಪ್ರಕರಣದಲ್ಲಿ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು. ಕೇಸು ಚಿಲ್ಲರೆಯದಾಗಿದ್ದರೆ, ಶಿಕ್ಷೆಯಾಗಿದ್ದರೂ, ಮುಚ್ಚಿಟ್ಟದ್ದನ್ನು ಕೂಡ ಇಲಾಖೆ ತನ್ನ ವಿವೇಚನೆಯಿಂದ ಮನ್ನಿಸಬಹುದು. ಅಲ್ಲಿ ಕೊಟ್ಟಿರುವ ಉದಾಹರಣೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದ ಕೇಸು. ನಮ್ಮ ಹುಡುಗನಿಗೇ ಬರೆದಂತಿದೆ ಎಂದು ಅವನ ಅಕ್ಕ ಅಂದಳು. ನಾನು ಅವಸರಪಡಬೇಡಿ ಅಂದೆ. ಅದೇ ತೀರ್ಪು ಇನ್ನೊಂದು ಮಾತೂ ಹೇಳುತ್ತದೆ: ಸತ್ಯ ಬರೆದಿದ್ದಾನೆ ಎಂಬ ಕಾರಣಕ್ಕೆ ಕೆಲಸ ಕೊಡಲೇಬೇಕೆಂದಿಲ್ಲ, ಹಿನ್ನೆಲೆ ನೋಡಿ ತೀರ್ಮಾನಿಸುವ ಹಕ್ಕು ಇಲಾಖೆಯದ್ದೇ.

ಅಂದರೆ ಲೆಕ್ಕ ಹೀಗೆ. ಬರೆದರೆ ಅಪಾಯ ಇದೆ, ಆದರೆ ಚಿಕ್ಕದು, ಮತ್ತು ಎದುರಿಸಲು ಕಾನೂನಿನ ಬಲ ಇದೆ. ಬರೆಯದಿದ್ದರೆ 143, 283ರ ಚಿಲ್ಲರೆ ಕೇಸಿನ ಮೇಲೆ ಸುಳ್ಳು ಎಂಬ ದೊಡ್ಡ ಕೇಸನ್ನು ತಾನೇ ಹೇರಿಕೊಂಡ ಹಾಗೆ. ಮಾವನ ಮಾತಿನಲ್ಲಿ ಪ್ರೀತಿ ಇತ್ತು, ಕಾನೂನು ಇರಲಿಲ್ಲ. ಕೊನೆಗೆ ಅಪ್ಪ ಬಾಯಿಬಿಟ್ಟು ಅಂದದ್ದು ಇಷ್ಟೇ: “ಪೊಲೀಸಾಗ್ಲಿಕ್ಕೆ ಹೋಗುವವ ಪೊಲೀಸರಿಗೆ ಸುಳ್ಳು ಹೇಳುದಾ? ಬರೆ.”

ಬರೆಯಲು ಹೊರಟರೆ ಕೈಯಲ್ಲಿ ಕಾಗದವೇ ಇಲ್ಲ. ರಶೀದಿ ಕಳೆದಿದೆ, ಸಮನ್ಸ್ ಎಲ್ಲಿಟ್ಟನೋ ನೆನಪಿಲ್ಲ. “ಒಂದು ಸಣ್ಣ ಕೇಸು ಇತ್ತು, ಮುಗಿದಿದೆ” ಎಂದು ಬರೆದರೆ ಅದು ಮುಚ್ಚಿಟ್ಟದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಇ-ಕೋರ್ಟ್ಸ್ ಸೈಟಿನಲ್ಲಿ ಹೆಸರು ಹಾಕಿ ಕೇಸು ನಂಬರ್ ಹುಡುಕಿದೆವು. ಅವನ ಹೆಸರಿನ ಇಂಗ್ಲಿಷ್ ಅಕ್ಷರಗಳು ಅಲ್ಲಿ ಬೇರೆ ಥರ ಇದ್ದದ್ದರಿಂದ ಮೊದಲು ಸಿಗಲಿಲ್ಲ, ಜೊತೆಗಿದ್ದ ಇನ್ನೊಬ್ಬ ಆರೋಪಿಯ ಹೆಸರಿನಿಂದ ಸಿಕ್ಕಿತು. ನಂಬರ್ ಹಿಡಿದು ಕೋರ್ಟಿನ ಕಾಪಿ ವಿಭಾಗಕ್ಕೆ ಅರ್ಜಿ ಕೊಟ್ಟು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿದ. ಕಾಲಂನಲ್ಲಿ ಬರೆದದ್ದು ಇಷ್ಟು: ಠಾಣೆ, ಕ್ರೈಂ ನಂಬರ್ ಮತ್ತು ವರ್ಷ, ಸೆಕ್ಷನ್‌ಗಳು, ಕೋರ್ಟು, ಕೇಸು ನಂಬರ್, ತೀರ್ಪಿನ ದಿನಾಂಕ, ಕಟ್ಟಿದ ದಂಡ, ಬೇರೆ ಯಾವ ಕೇಸೂ ಇಲ್ಲ ಎಂಬ ಒಂದು ಸಾಲು. ವಿದ್ಯಾರ್ಥಿ ಜೀವನದ ಹುಡುಗಾಟ, ಅರಿಯದೆ ಆದದ್ದು ಎಂದೆಲ್ಲ ಸೇರಿಸಲು ಅವನಿಗೆ ಆಸೆ ಇತ್ತು, ಬೇಡ ಅಂದೆ. ಕಾಲಂ ಕೇಳಿದ್ದು ವಿವರ, ಕ್ಷಮೆಯಲ್ಲ. ಸಮಜಾಯಿಷಿ ಕೇಳಿದರೆ ಆಗ ಬೇರೆ ಕಾಗದದಲ್ಲಿ ಕೊಡುವುದು.

ಕೇಳಿದರು. ಅವನ ಜೊತೆ ಅಡ್ವೈಸ್ ಬಂದವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಮಾಙಾಟ್ಟುಪರಂಬಕ್ಕೆ ಒಂಬತ್ತು ತಿಂಗಳ ತರಬೇತಿಗೆ ಹೊರಟಾಗ ಅವನ ಫೈಲು ನಿಂತಿತ್ತು. ಠಾಣೆಯಿಂದ ಮನೆಗೆ ಬಂದು ವಿಚಾರಿಸಿದರು, ನೆರೆಹೊರೆಯವರನ್ನು ಕೇಳಿದರು. ಆ ತಿಂಗಳುಗಳಲ್ಲಿ ಊರಿನ ಬಾಯಿ ಸುಮ್ಮನಿರಲಿಲ್ಲ. ಕೆಲಸ ಹೋಯಿತಂತೆ, ದೊಡ್ಡ ಕೇಸಂತೆ ಎಂದೆಲ್ಲ ಆಯಿತು. ಸೋದರಮಾವ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಹುಡುಗ ಮತ್ತೆ ಅಡಿಕೆ ಕೊಯ್ಲಿಗೆ ಹೋಗುತ್ತಿದ್ದ. ಸಮಜಾಯಿಷಿ ಪತ್ರದಲ್ಲಿ ಮೂರು ವಿಷಯ ಮಾತ್ರ ಇಟ್ಟೆವು: ಹಿಂಸೆ, ಆಸ್ತಿ ಹಾನಿ ಆರೋಪಪಟ್ಟಿಯಲ್ಲೇ ಇಲ್ಲ, ತಾನೇ ಮೊದಲು ತಿಳಿಸಿದ್ದು, ಅವತಾರ್ ಸಿಂಗ್ ತೀರ್ಪಿನ ಆ ಭಾಗ. ವಕೀಲರೊಬ್ಬರು ದುಡ್ಡು ತೆಗೆದುಕೊಳ್ಳದೆ ಅದನ್ನು ತಿದ್ದಿಕೊಟ್ಟರು.

ಆದೇಶ ಬಂತು, ತಡವಾಗಿ. ಮುಂದಿನ ಬ್ಯಾಚಿನ ಜೊತೆ ತರಬೇತಿಗೆ ಸೇರಿದ. ಅವನಿಗಿದ್ದ ದೊಡ್ಡ ಚಿಂತೆ ಸೀನಿಯಾರಿಟಿಯದ್ದು, ಜೊತೆಯವರೆಲ್ಲ ಮೇಲೆ ಹೋಗಿಬಿಡುತ್ತಾರೆ ಎಂದು. ಕೇರಳದ ಸೇವಾ ನಿಯಮದಲ್ಲಿ ಸೀನಿಯಾರಿಟಿ ಎಣಿಸುವುದು ಪಿಎಸ್‌ಸಿ ಅಡ್ವೈಸ್ ಮಾಡಿದ ದಿನದಿಂದ, ಸೇರಿದ ದಿನದಿಂದಲ್ಲ. ಹಾಗಾಗಿ ಅಲ್ಲಿ ಪೆಟ್ಟು ಬೀಳದು. ಅಷ್ಟು ತಿಂಗಳ ಸಂಬಳ ಮಾತ್ರ ಹೋಯಿತು.

ಇನ್ನು ಉಳಿದಿರುವುದು ಮಲಯಾಳಂ. ಶಾಲೆಯಲ್ಲಿ ಆ ಭಾಷೆ ಓದದವರು ಪ್ರೊಬೇಷನ್ ಮುಗಿಸಲು ಭಾಷಾ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಇರಲಿ, ಠಾಣೆಯ ಜನರಲ್ ಡೈರಿ ಬರೆಯುವುದಕ್ಕಾದರೂ ಬೇಕಲ್ಲ. ಗಡಿಯ ಠಾಣೆಗಳಲ್ಲಿ ಕನ್ನಡದಲ್ಲಿ ದೂರು ಬರೆದು ತರುವವರು ಈಗಲೂ ಇದ್ದಾರೆ. ಅದನ್ನು ಓದಬಲ್ಲ ಕಾನ್‌ಸ್ಟೇಬಲ್ ಒಬ್ಬ ಇದ್ದರೆ ಆ ಮುದುಕರಿಗೂ ಠಾಣೆಗೂ ಆಗುವ ಉಪಕಾರ ಸಣ್ಣದಲ್ಲ. ಆದರೆ ಅಲ್ಲಿಗೆ ತಲುಪಲು ಅವನು ಮಲಯಾಳಂ ಬರೆಯಲೇಬೇಕು. ರಜೆಗೆ ಬಂದಾಗ ನನ್ನ ಮೊಮ್ಮಗಳ ಮೂರನೇ ಕ್ಲಾಸಿನ ಕಾಪಿ ಪುಸ್ತಕ ಕೇಳಿ ಒಯ್ದಿದ್ದಾನೆ.

ಅದೇ ರಸ್ತೆ ತಡೆ ಕೇಸಿನಲ್ಲಿದ್ದ ಉಳಿದವರಲ್ಲಿ ಒಬ್ಬ ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಓಡಾಡುತ್ತಿದ್ದಾನೆ. ಇನ್ನೊಬ್ಬ ಎಕ್ಸೈಸ್ ಹುದ್ದೆಗೆ ಓದುತ್ತಿದ್ದಾನೆ, ಪರೀಕ್ಷೆ ಇನ್ನೂ ಬಂದಿಲ್ಲ. ತೀರ್ಪಿನ ಪ್ರತಿಗೆ ಅವನ ಅರ್ಜಿ ಮಾತ್ರ ಹೋದ ವಾರವೇ ಕೋರ್ಟಿಗೆ ಹೋಗಿದೆ.